‘ಅದು ನಿನ್ನ ಪಾಡು’ ಎನ್ನುವವರಿಗೆ

ಯುಗಾದಿ ಊಟಕ್ಕೆ ಸೇರಿದ್ದ ಅಟ್ಲಾಂಟಾದ ಕನ್ನಡಿಗರ ಮುಂದೆ ಈ ಸಲ ನಾನೊಂದು ಬೇಡಿಕೆ ಇಟ್ಟೆ. ಮೋರ್‌ಹೌಸ್, ಸ್ಪೆಲ್ಮನ್, ಕ್ಲಾರ್ಕ್ ಅಟ್ಲಾಂಟಾ ಹೀಗೆ ಕಪ್ಪು ಜನರ ಓದಿಗೆಂದೇ ಹುಟ್ಟಿದ ಕಾಲೇಜುಗಳು ನಮ್ಮ ಊರಿನಲ್ಲೇ ಅಕ್ಕಪಕ್ಕದಲ್ಲಿವೆ. ಅಲ್ಲಿನ ಮಕ್ಕಳಿಗೂ ಊರಿನ ಬೇರೆ ಕಾಲೇಜುಗಳಲ್ಲಿ ಓದುವ ಕಪ್ಪು ಮಕ್ಕಳಿಗೂ ತಿಂಗಳಿಗೊಂದು ಶನಿವಾರ ಎರಡು ಗಂಟೆ ಕೊಡಿ. ಅವರ ರೆಸ್ಯೂಮೆ ತಿದ್ದಿ. ಸಂದರ್ಶನದ ಅಭ್ಯಾಸ ಮಾಡಿಸಿ. ನಿಮ್ಮ ಕಂಪನಿಯಲ್ಲಿ ಇಂಟರ್ನ್‌ಶಿಪ್ ಇದೆ ಎಂದು ಗೊತ್ತಾದಾಗ ಅವರ ಕಿವಿಗೂ ಹಾಕಿ. ನಾನು ಕೇಳಿದ್ದು ಇಷ್ಟೇ.

ಕೆಲವರು ಅಲ್ಲೇ ಹೆಸರು ಬರೆಸಿದರು. ಅದಕ್ಕಿಂತ ಹೆಚ್ಚು ಮಂದಿ ಆಕ್ಷೇಪ ಹೇಳಿದರು. ಒಬ್ಬಟ್ಟಿನ ತಟ್ಟೆ ಕೈಯಲ್ಲಿ ಹಿಡಿದೇ ಹೇಳಿದವರುಂಟು, ಮನೆಗೆ ಹೋಗಿ ಯೋಚಿಸಿ ಫೋನ್ ಮಾಡಿದವರುಂಟು. ಇಬ್ಬರು ಉದ್ದನೆಯ ಪತ್ರವನ್ನೇ ಬರೆದರು. ಯಾರೂ ಒರಟಾಗಿ ಮಾತಾಡಲಿಲ್ಲ. ಎಲ್ಲರೂ ನಾನು ಗೌರವಿಸುವವರು, ಕಷ್ಟಕ್ಕೆ ಆದವರು. ಹಾಗಾಗಿಯೇ ನಕ್ಕು ಸುಮ್ಮನಾಗಲು ಮನಸ್ಸು ಬರಲಿಲ್ಲ. ಅವರ ಮಾತುಗಳನ್ನು ಆರು ಆಕ್ಷೇಪಗಳಾಗಿ ಜೋಡಿಸಿ ಒಂದೊಂದಕ್ಕೂ ಇಲ್ಲಿ ಉತ್ತರ ಕೊಡುತ್ತಿದ್ದೇನೆ. ಹೊಡೆಯಲು ಸುಲಭವಾಗಲಿ ಎಂದು ಯಾವ ಆಕ್ಷೇಪವನ್ನೂ ಸಡಿಲ ಮಾಡಿಲ್ಲ.

1. ‘ಕೆಲಸ ಅರ್ಹತೆಗೆ ಸಿಗಬೇಕು. ಬಣ್ಣ ನೋಡಿ ನೆರವು ಕೊಡುವುದೂ ತಾರತಮ್ಯವೇ.’

ಮೊದಲ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ. ಕೆಲಸ ಅರ್ಹತೆಗೇ ಸಿಗಬೇಕು. ಆದರೆ ಹಾಗೆ ಸಿಗುತ್ತಿದೆಯೇ?

ಮರಿಯಾನ್ ಬರ್ಟ್ರಾಂಡ್ ಮತ್ತು ತಮಿಳುನಾಡಿನಲ್ಲಿ ಹುಟ್ಟಿದ ಸೆಂಧಿಲ್ ಮುಲ್ಲೈನಾಥನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಬಾಸ್ಟನ್ ಮತ್ತು ಶಿಕಾಗೊ ಪತ್ರಿಕೆಗಳಲ್ಲಿ ಬಂದ ಸುಮಾರು 1,300 ಜಾಹೀರಾತುಗಳಿಗೆ ಹತ್ತಿರಹತ್ತಿರ 5,000 ಅರ್ಜಿ ಕಳಿಸಿ ಪರೀಕ್ಷಿಸಿದರು. ಓದು, ಅನುಭವ ಎಲ್ಲ ಸರಿಸಮ. ಕೆಲವು ಅರ್ಜಿಗಳ ಮೇಲೆ ಎಮಿಲಿ, ಗ್ರೆಗ್ ಎಂಬಂಥ ಬಿಳಿಯರ ಹೆಸರು, ಉಳಿದವುಗಳ ಮೇಲೆ ಲಕೀಶಾ, ಜಮಾಲ್ ಎಂಬಂಥ ಕಪ್ಪು ಜನರ ಹೆಸರು. 2004ರಲ್ಲಿ ಫಲಿತಾಂಶ ಪ್ರಕಟವಾಯಿತು. ಬಿಳಿ ಹೆಸರಿಗೆ 10 ಅರ್ಜಿಗೊಂದು ಕರೆ ಬಂದರೆ, ಕಪ್ಪು ಹೆಸರಿಗೆ 15 ಅರ್ಜಿಗೊಂದು ಕರೆ. ಅದರೊಳಗೇ ಇನ್ನೊಂದು ಸಂಗತಿ ಇತ್ತು, ನನ್ನನ್ನು ಹೆಚ್ಚು ಕಾಡಿದ್ದು ಅದು. ಅನುಭವ, ಕೌಶಲ ಸೇರಿಸಿ ಅರ್ಜಿಯನ್ನು ಗಟ್ಟಿ ಮಾಡಿದಾಗ ಬಿಳಿ ಹೆಸರಿನವರಿಗೆ ಬರುವ ಕರೆಗಳು ಶೇಕಡ 30ರಷ್ಟು ಏರಿದವು. ಕಪ್ಪು ಹೆಸರಿನವರಿಗೆ ಅದರಿಂದಾದ ಲಾಭ ತೀರ ಸ್ವಲ್ಪ. ‘ಇನ್ನೂ ಚೆನ್ನಾಗಿ ಓದಿ, ತಾನಾಗಿ ಬರುತ್ತದೆ’ ಎಂದು ನಾವು ಹೇಳುತ್ತೇವಲ್ಲ, ಆ ಮಾತಿನ ಬೆಲೆ ಕೂಡ ಹೆಸರಿನ ಮೇಲೆ ನಿಂತಿದೆ.

ಇದು ಅಮೆರಿಕದ ರೋಗ, ನಮಗೆ ಸಂಬಂಧವಿಲ್ಲ ಎನ್ನುವ ಹಾಗೂ ಇಲ್ಲ. ಇದೇ ಬಗೆಯ ಪರೀಕ್ಷೆಯನ್ನು ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಭಾರತದ ಖಾಸಗಿ ಕಂಪನಿಗಳಲ್ಲಿ ಮಾಡಿ 2007ರಲ್ಲಿ ಪ್ರಕಟಿಸಿದರು. ಅರ್ಹತೆ ಒಂದೇ ಆಗಿದ್ದರೂ ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿನವರಿಗೆ ಕರೆ ಬರುವ ಸಂಭವ ಸುಮಾರು ಮೂರನೇ ಎರಡರಷ್ಟೇ ಇತ್ತು. ಹೆಸರು ಕೇಳಿ ಜಾತಿ ಅಳೆಯುವ ವಿದ್ಯೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅದೆಲ್ಲ ಹಳೆಯ ಕಾಲ ಎನ್ನುವವರಿಗಾಗಿ ಈಚಿನದೊಂದನ್ನೂ ಹೇಳುತ್ತೇನೆ. ಅಮೆರಿಕದ 108 ದೈತ್ಯ ಕಂಪನಿಗಳಿಗೆ 83,000ದಷ್ಟು ಅರ್ಜಿ ಕಳಿಸಿ ಮಾಡಿದ ಅಧ್ಯಯನ 2022ರಲ್ಲಿ ಅಚ್ಚಾಯಿತು. ಅದರಲ್ಲಿ ಬಿಳಿ ಮತ್ತು ಕಪ್ಪು ಹೆಸರುಗಳ ನಡುವಿನ ಅಂತರ ಕಡಿಮೆಯಾಗಿದೆ, ಸುಮಾರು ಎರಡು ಶೇಕಡಾಂಶ. ಆದರೆ ಅಳಿದಿಲ್ಲ. ಭೇದ ಎಲ್ಲ ಕಂಪನಿಗಳಲ್ಲೂ ಸಮನಾಗಿ ಹರಡಿಯೂ ಇಲ್ಲ, ಕೆಲವೇ ಕಂಪನಿಗಳಲ್ಲಿ ದಟ್ಟವಾಗಿ ಕೂತಿದೆ. ನ್ಯಾಯವಾಗಿ ನಡೆಯುವ ಕಂಪನಿಗಳು ಇವೆ ಎಂದಾಯಿತು. ಅವು ಯಾವುವು ಎಂದು ಮಕ್ಕಳಿಗೆ ತಿಳಿಸುವುದೂ ಒಂದು ಸಹಾಯವೇ.

ಇನ್ನು, ನಾನು ಕೇಳುತ್ತಿರುವುದು ಕೆಲಸ ಕೊಡಿಸಿ ಎಂದಲ್ಲ. ಇರುವ ಅರ್ಹತೆ ಎದುರಿಗೆ ಕೂತವರ ಕಣ್ಣಿಗೆ ಬೀಳುವಂತೆ ಮಾಡಿ ಎಂದು. ಕಳೆದ ಚಳಿಗಾಲದಲ್ಲಿ ಸಂದರ್ಶನದ ಅಭ್ಯಾಸಕ್ಕೆ ಒಬ್ಬ ಹುಡುಗಿ ಬಂದಳು. ಮೂರನೇ ವರ್ಷದ ಲೆಕ್ಕಪತ್ರ ವಿದ್ಯಾರ್ಥಿನಿ. ಮೈಮೇಲೆ ಯಾರಿಂದಲೋ ಎರವಲು ತಂದ ಕೋಟು, ತೋಳು ಎರಡು ಬೆರಳು ಉದ್ದ. ‘ನಿಮ್ಮ ಬಗ್ಗೆ ಹೇಳಿ’ ಎಂದೆ. ಕಾಲೇಜಿನ ಹೆಸರು, ಅಂಕ, ಇಷ್ಟವಾದ ವಿಷಯ ಹೇಳಿ ನಿಲ್ಲಿಸಿದಳು. ರೆಸ್ಯೂಮೆಯಲ್ಲಿ ಎರಡು ವರ್ಷದ ಬೇಸಿಗೆ ಖಾಲಿ ಇತ್ತು. ಏನು ಮಾಡುತ್ತಿದ್ದೆ ಎಂದು ಕೇಳಿದರೆ ತಲೆ ತಗ್ಗಿಸಿದಳು. ಗೋದಾಮಿನಲ್ಲಿ ರಾತ್ರಿ ಪಾಳಿ. ಸಾಮಾನಿನ ಎಣಿಕೆ ದಿನವೂ ತಪ್ಪುತ್ತಿದ್ದುದನ್ನು ಗಮನಿಸಿ, ಎರಡು ಪಟ್ಟಿಗಳನ್ನು ತಾಳೆ ನೋಡುವ ಕ್ರಮ ತಾನೇ ಬರೆದುಕೊಟ್ಟಿದ್ದಳು. ಮೇಲ್ವಿಚಾರಕ ಅದನ್ನೇ ಇಡೀ ಪಾಳಿಗೆ ಜಾರಿ ಮಾಡಿದ್ದ. ಲೆಕ್ಕಪತ್ರದವಳಿಗೆ ಇದಕ್ಕಿಂತ ದೊಡ್ಡ ಅನುಭವ ಬೇಕೆ? ಆದರೆ ಅದು ಕೂಲಿ, ಹೇಳಿಕೊಂಡರೆ ಮರ್ಯಾದೆ ಹೋಗುತ್ತದೆ ಎಂದು ಅವಳು ನಂಬಿದ್ದಳು. ಅಲ್ಲ ಎಂದು ಹೇಳುವವರು ಅವಳ ಸುತ್ತ ಯಾರೂ ಇರಲಿಲ್ಲ. ಅರ್ಧ ಗಂಟೆಯಲ್ಲಿ ಆ ಖಾಲಿ ಜಾಗ ತುಂಬಿತು. ಅರ್ಹತೆಯನ್ನು ನಾನು ಕೊಡಲಿಲ್ಲ, ಅದು ಅವಳದೇ.

2. ‘ಸಮಸ್ಯೆ ಬಡತನದ್ದು, ಬಣ್ಣದ್ದಲ್ಲ. ಕೊಡುವುದಾದರೆ ಎಲ್ಲ ಬಡವರಿಗೂ ಕೊಡಿ.’

ಬಂದ ಆಕ್ಷೇಪಗಳಲ್ಲಿ ನನಗೆ ತೂಕದ್ದು ಅನಿಸಿದ್ದು ಇದು. ಅರ್ಧ ಒಪ್ಪುತ್ತೇನೆ. ಎಲ್ಲರಿಗೂ ತೆರೆದ ನೆರವು ಚೆನ್ನಾಗಿ ಕೆಲಸ ಮಾಡಿದ ಉದಾಹರಣೆ ನಮ್ಮ ಊರಿನಲ್ಲೇ ಇದೆ. ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದವರು ಲೆಕ್ಕ ಹಾಕಿ ನೋಡಿದಾಗ, ಪದವಿಯ ಹತ್ತಿರ ಬಂದ ವಿದ್ಯಾರ್ಥಿಗಳು ಕೆಲವೇ ನೂರು ಡಾಲರ್ ಬಾಕಿ ಕಟ್ಟಲಾರದೆ ಓದು ಬಿಟ್ಟು ಹೋಗುತ್ತಿದ್ದರು. 2011ರಿಂದ ಅಂಥವರಿಗೆ ಸಣ್ಣ ಮೊತ್ತದ ಅನುದಾನ ಕೊಡತೊಡಗಿದರು. ಜೊತೆಗೆ, ಯಾರು ಯಾವ ವಿಷಯದಲ್ಲಿ ಹಿಂದೆ ಬೀಳುತ್ತಿದ್ದಾರೆ ಎಂದು ಮೊದಲೇ ಗುರುತಿಸಿ ಕರೆದು ಮಾತಾಡಿಸುವ ಸಲಹೆಗಾರರನ್ನು ನೇಮಿಸಿದರು. ಬಣ್ಣ ಕೇಳಲಿಲ್ಲ. ಆದರೂ ಅಲ್ಲಿ ಕಪ್ಪು ಮತ್ತು ಬಿಳಿ ವಿದ್ಯಾರ್ಥಿಗಳು ಪದವಿ ಮುಗಿಸುವ ಪ್ರಮಾಣದ ನಡುವಿನ ಕಂದಕ ಮುಚ್ಚಿಹೋಯಿತು. ಇಂಥ ಕೆಲಸಕ್ಕೆ ನಾನು ಎರಡೂ ಕೈ ಎತ್ತಿ ಮುಗಿಯುತ್ತೇನೆ.

ಉಳಿದರ್ಧ ಒಪ್ಪಲಾರೆ. ಮಿಲ್ವಾಕಿ ನಗರದಲ್ಲಿ ಡೇವಾ ಪೇಜರ್ ಎಂಬ ಸಮಾಜಶಾಸ್ತ್ರಜ್ಞೆ ಯುವಕರನ್ನು ಜೋಡಿ ಜೋಡಿಯಾಗಿ ಕೆಲಸ ಕೇಳಲು ಕಳಿಸಿದ್ದರು. 2003ರಲ್ಲಿ ಪ್ರಕಟವಾದ ಆ ಫಲಿತಾಂಶದಂತೆ, ಜೈಲಿಗೆ ಹೋಗಿ ಬಂದೆ ಎಂದು ಹೇಳಿಕೊಂಡ ಬಿಳಿಯ ಯುವಕರಿಗೆ ಶೇಕಡ 17 ಕಡೆ ಮರುಕರೆ ಬಂತು. ಯಾವ ಕಳಂಕವೂ ಇಲ್ಲದ ಕಪ್ಪು ಯುವಕರಿಗೆ ಬಂದದ್ದು ಶೇಕಡ 14 ಕಡೆ ಮಾತ್ರ. ಇಲ್ಲಿ ಬಡತನ ಎಲ್ಲಿ ಬಂತು?

ಬಡತನ ಎಂದರೂ ಸಂಬಳವೊಂದೇ ಅಲ್ಲ, ಹಿಂದಿನವರು ಬಿಟ್ಟು ಹೋದದ್ದೂ ಲೆಕ್ಕಕ್ಕೆ ಬರುತ್ತದೆ. ಫೆಡರಲ್ ರಿಸರ್ವ್‌ನ 2022ರ ಸಮೀಕ್ಷೆಯಂತೆ ನಡುಮಟ್ಟದ ಬಿಳಿಯ ಕುಟುಂಬದ ಆಸ್ತಿ 2,85,000 ಡಾಲರ್, ನಡುಮಟ್ಟದ ಕಪ್ಪು ಕುಟುಂಬದ್ದು ಸುಮಾರು 45,000. ಗುಲಾಮಗಿರಿ, ಅದರ ಬೆನ್ನಿಗೆ ಬಂದ ಪ್ರತ್ಯೇಕತೆಯ ಕಾನೂನುಗಳು, ಕಪ್ಪು ಬಡಾವಣೆಗಳಿಗೆ ಮನೆ ಸಾಲ ಕೊಡದ ಬ್ಯಾಂಕುಗಳು ತಲೆಮಾರಿನಿಂದ ತಲೆಮಾರಿಗೆ ಸೇರಿಸಿದ ಬಾಕಿ ಇದು. ಇದರ ಪರಿಣಾಮ ನೇರವಾಗಿ ಉದ್ಯೋಗದ ಮೇಲೆ ಬೀಳುತ್ತದೆ. ಪದವಿ ದಿನ ಕಪ್ಪು ವಿದ್ಯಾರ್ಥಿಯ ತಲೆಮೇಲೆ ಬಿಳಿಯ ಸಹಪಾಠಿಗಿಂತ ಸುಮಾರು 7,400 ಡಾಲರ್ ಹೆಚ್ಚು ಸಾಲ ಇರುತ್ತದೆ, ನಾಲ್ಕು ವರ್ಷದಲ್ಲಿ ಆ ವ್ಯತ್ಯಾಸ ಹತ್ತಿರಹತ್ತಿರ 25,000 ಆಗುತ್ತದೆ ಎಂದು ಬ್ರೂಕಿಂಗ್ಸ್ ಸಂಸ್ಥೆ 2016ರಲ್ಲಿ ತೋರಿಸಿತು. ಸಾಲದ ಕಂತು ಕಟ್ಟಬೇಕಾದವನು ಸಂಬಳವಿಲ್ಲದ ಇಂಟರ್ನ್‌ಶಿಪ್‌ಗೆ ಹೋಗಲಾರ, ಒಳ್ಳೆಯ ಕೆಲಸಕ್ಕಾಗಿ ಮೂರು ತಿಂಗಳು ಕಾಯಲಾರ. ಮೊದಲು ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾನೆ. 2019ರಲ್ಲಿ ಮೋರ್‌ಹೌಸ್ ಕಾಲೇಜಿನ ಘಟಿಕೋತ್ಸವದಲ್ಲಿ ಉದ್ಯಮಿ ರಾಬರ್ಟ್ ಸ್ಮಿತ್ ಅಂದು ಪದವಿ ಪಡೆದ ಸುಮಾರು 400 ಹುಡುಗರ ಸಾಲವನ್ನೆಲ್ಲ ತೀರಿಸುತ್ತೇನೆ ಎಂದಾಗ ಸಭೆಗೆ ಸಭೆಯೇ ಎದ್ದು ನಿಂತದ್ದು ಸುಮ್ಮನಲ್ಲ. ಅದರ ಮೊತ್ತ 3.4 ಕೋಟಿ ಡಾಲರ್.

ಕಾಲೇಜುಗಳ ಸ್ಥಿತಿಯೂ ಇದೇ. ಸರ್ಕಾರಿ ಭೂಮಿಯ ನೆರವಿನಿಂದ ನಡೆಯಬೇಕಾದ ಕಪ್ಪು ವಿಶ್ವವಿದ್ಯಾಲಯಗಳಿಗೆ ಮೂರು ದಶಕಗಳಲ್ಲಿ 1,200 ಕೋಟಿ ಡಾಲರಿಗೂ ಮೀರಿದ ಮೊತ್ತವನ್ನು ಕೊಡದೆ ಉಳಿಸಿಕೊಂಡಿದ್ದೀರಿ ಎಂದು ಕೇಂದ್ರದ ಶಿಕ್ಷಣ ಮತ್ತು ಕೃಷಿ ಕಾರ್ಯದರ್ಶಿಗಳು 2023ರಲ್ಲಿ 16 ರಾಜ್ಯಗಳ ಗವರ್ನರುಗಳಿಗೆ ಪತ್ರ ಬರೆದರು. ಪಾಠ ಹೇಳುವವರಿಗೇ ಹಣ ಸಾಲದ ಕಡೆ ಪ್ಲೇಸ್‌ಮೆಂಟ್ ವಿಭಾಗಕ್ಕೆ ಎಷ್ಟು ಜನ ಸಿಕ್ಕಾರು? ಅದಕ್ಕೇ ನಿಮ್ಮ ಎರಡು ಗಂಟೆಗೆ ಅಲ್ಲಿ ಬೆಲೆ.

3. ‘ನಾವೂ ಬರಿಗೈಯಲ್ಲೇ ಬಂದೆವು. ನಮಗೆ ಯಾರು ಕೊಟ್ಟರು?’

ಈ ಮಾತು ಹೇಳಿದವರ ಕಷ್ಟವನ್ನು ನಾನು ಕಂಡಿದ್ದೇನೆ. ನಾನೂ ಎರಡು ಸೂಟ್‌ಕೇಸ್ ಹಿಡಿದು ಬಂದವನೇ. ಆದರೆ ಬರಿಗೈ ಎಂಬ ಮಾತನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಬರಲು ಬಾಗಿಲು ತೆರೆದವರು ಯಾರು? 1946ರ ಕಾನೂನಿನಂತೆ ಇಡೀ ಭಾರತಕ್ಕೆ ವರ್ಷಕ್ಕೆ ಸಿಗುತ್ತಿದ್ದದ್ದು ಸುಮಾರು 100 ವಲಸೆ ಪರವಾನಗಿ. ಮೂಲದೇಶ ನೋಡಿ ಜನರನ್ನು ಅಳೆಯುವ ಆ ಪದ್ಧತಿಯನ್ನು ಕಿತ್ತುಹಾಕಿದ್ದು 1965ರ ಅಕ್ಟೋಬರಿನಲ್ಲಿ ಸಹಿಯಾದ ವಲಸೆ ಕಾಯಿದೆ. ಅದು ಆಕಾಶದಿಂದ ಉದುರಲಿಲ್ಲ. 1964ರ ನಾಗರಿಕ ಹಕ್ಕು ಕಾಯಿದೆ, 1965ರ ಮತದಾನ ಹಕ್ಕು ಕಾಯಿದೆ, ಅವುಗಳ ಹಿಂದೆಯೇ ಇದು. ಕಪ್ಪು ಜನರ ಹಕ್ಕಿಗಾಗಿ ಬರ್ಮಿಂಗ್‌ಹ್ಯಾಮಿನಲ್ಲಿ ಪೊಲೀಸ್ ನಾಯಿಗಳ ಮುಂದೆ ನಿಂತ ಮಕ್ಕಳು, ಸೆಲ್ಮಾದ ಸೇತುವೆಯ ಮೇಲೆ ಲಾಠಿ ತಿಂದವರು ದೇಶದ ಮನಸ್ಸಾಕ್ಷಿಯನ್ನು ಕದಲಿಸದಿದ್ದರೆ ನಮ್ಮ ಕನ್ನಡ ಕೂಟಗಳು ಇಲ್ಲಿ ಇರುತ್ತಿರಲಿಲ್ಲ. ಏಣಿ ಹಿಡಿದು ನಿಂತವರ ಮಕ್ಕಳನ್ನು ಮೇಲಿನಿಂದ ನೋಡಿ ‘ನಾನು ನನ್ನ ಕಾಲಿಂದಲೇ ಹತ್ತಿದೆ’ ಎನ್ನುವುದು ನಮಗೆ ಶೋಭಿಸುವುದಿಲ್ಲ.

ಬರುವಾಗ ಕೈಯಲ್ಲಿ ಏನಿತ್ತು? ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ನನ್ನ ವರ್ಷದ ಫೀಸು ಅಪ್ಪನ ಒಂದು ತಿಂಗಳ ಸಂಬಳಕ್ಕಿಂತ ಕಡಿಮೆ ಇತ್ತು. ಉಳಿದದ್ದನ್ನು ಕಟ್ಟಿದವರು ನಾಡಿನ ತೆರಿಗೆದಾರರು. ಸಾಲವಿಲ್ಲದೆ ವಿಮಾನ ಹತ್ತಿದೆ. ನಮಗಿಂತ ಹಿಂದಿನವರು ವಾರಾನ್ನ ಉಂಡು ಓದಿದರು. ದಿನಕ್ಕೊಂದು ಮನೆಯವರು ಬಡಿಸಿದ ಅನ್ನ ಅದು. ಸಿದ್ಧಗಂಗೆಯ ದಾಸೋಹದಲ್ಲಿ ಉಂಡು ಓದಿ ಅಧಿಕಾರಿಗಳಾದವರು ಎಷ್ಟು ಮಂದಿ! 1906ರಲ್ಲಿ ಒಕ್ಕಲಿಗರ ಸಂಘ, 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್ಇ ಸಂಸ್ಥೆ ಹುಟ್ಟಿದ್ದು ನಮ್ಮ ಮಕ್ಕಳು ಓದಿ ಒಂದು ನೆಲೆಗೆ ಬರಲಿ ಎಂದೇ. ಶಕ್ತಿ ಇದ್ದೂ ತಮ್ಮ ಮಕ್ಕಳ ಕೈ ಹಿಡಿಯದ ಸಮುದಾಯ ಕರ್ನಾಟಕದಲ್ಲಿ ಒಂದೂ ಇಲ್ಲ. ಆದರೆ ಹಾಗೆ ಹಿಡಿಯಲು ಕೈಯಲ್ಲಿ ಏನೂ ಇಲ್ಲದಂತೆ ಮಾಡಲ್ಪಟ್ಟವರು ಅಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ.

ಬಂದ ಮೇಲೆ? ನನ್ನ ಮೊದಲ ಕೆಲಸದ ಕಥೆ ಹೇಳುತ್ತೇನೆ. ಶಿವಮೊಗ್ಗದ ಕಡೆಯ ಒಬ್ಬರು, ನಮ್ಮ ದೊಡ್ಡಪ್ಪನ ಮಗನ ಸೀನಿಯರ್, ಆರು ವಾರ ತಮ್ಮ ಮನೆಯ ಕಾರ್ಪೆಟ್ಟಿನ ಮೇಲೆ ಮಲಗಲು ಜಾಗ ಕೊಟ್ಟರು. ನನ್ನ ರೆಸ್ಯೂಮೆಯನ್ನು ತಮ್ಮ ಮ್ಯಾನೇಜರ್ ಮೇಜಿಗೆ ತಲುಪಿಸಿದರು. ಸಂದರ್ಶನದ ಹಿಂದಿನ ರಾತ್ರಿ ಚಿತ್ರಾನ್ನ ಬಡಿಸುತ್ತಾ, ‘ಸಂಬಳ ಎಷ್ಟು ಬೇಕು ಅಂದ್ರೆ ನೀನೇ ಮೊದಲು ಅಂಕಿ ಹೇಳ್ಬೇಡ ಮಾರಾಯ’ ಅಂದರು. ಆ ಒಂದು ಮಾತಿನಿಂದ ನನಗೆ ಆದ ಲಾಭ ನನ್ನ ಎಷ್ಟೋ ಅಂಕಪಟ್ಟಿಗಳಿಂದ ಆಗಲಿಲ್ಲ. ಊರಿನಲ್ಲಿ ಇದನ್ನು ವಶೀಲಿ ಎನ್ನುತ್ತೇವೆ, ಇಲ್ಲಿ ರೆಫರಲ್ ಎನ್ನುತ್ತಾರೆ. ಬಾಸ್ಟನ್ನಿನ ಹೊರವಲಯದಲ್ಲಿ ಸಮೀಕ್ಷೆ ಮಾಡಿದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್, ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೆಲಸ ಸಿಕ್ಕಿದ್ದು ಪರಿಚಯಸ್ಥರ ಮೂಲಕ ಎಂದು 1974ರಲ್ಲೇ ಬರೆದರು. ಪರಿಚಯಸ್ಥರು ಒಳಗಿದ್ದರೆ ಮಾತು ಹೊರಗೆ ಬರುತ್ತದೆ. ಯಾರನ್ನು ಒಳಗೇ ಬಿಡಲಿಲ್ಲವೋ ಅವರ ಮಕ್ಕಳಿಗೆ ಆ ಮಾತು ಯಾರು ಮುಟ್ಟಿಸಬೇಕು?

1970ರಲ್ಲಿ ಶಿಕಾಗೊದಲ್ಲಿ ಫ್ರ್ಯಾಂಕ್ ಕಾರ್ ಎಂಬ ಬಿಳಿಯ ಉದ್ಯಮಿ ಈ ಪ್ರಶ್ನೆಗೆ ತನ್ನ ಕೈಲಾದ ಉತ್ತರ ಕೊಟ್ಟ. 25 ವಿದ್ಯಾರ್ಥಿಗಳು, 17 ಕಂಪನಿಗಳು, ಸಂಬಳದ ಇಂಟರ್ನ್‌ಶಿಪ್. ಇನ್‌ರೋಡ್ಸ್ ಎಂಬ ಆ ಸಂಸ್ಥೆ ಇವತ್ತಿಗೂ ನಡೆಯುತ್ತಿದೆ. ಅದು ಮಾಡುತ್ತಿರುವುದು ನನ್ನ ಶಿವಮೊಗ್ಗದ ಅಣ್ಣ ಮಾಡಿದ ಕೆಲಸವನ್ನೇ.

4. ‘ಕೈ ಹಿಡಿದು ನಡೆಸಿದರೆ ಕಾಲು ಗಟ್ಟಿಯಾಗುವುದಿಲ್ಲ.’

ಇದಕ್ಕೆ ಉದಾಹರಣೆಯಾಗಿ ಪತ್ರ ಬರೆದವರೊಬ್ಬರು ಆ ರಾಬರ್ಟ್ ಸ್ಮಿತ್ ಅವರನ್ನೇ ಹೆಸರಿಸಿದರು. ಹೈಸ್ಕೂಲಿನಲ್ಲಿದ್ದಾಗ ಬೆಲ್ ಲ್ಯಾಬ್ಸ್‌ಗೆ ಫೋನ್ ಮಾಡಿ ಇಂಟರ್ನ್‌ಶಿಪ್ ಕೇಳಿದ ಹುಡುಗ ಆತ. ಕಾಲೇಜಿನವರಿಗೆ ಮಾತ್ರ ಎಂದರು. ತಿಂಗಳುಗಟ್ಟಲೆ ಪ್ರತಿ ಸೋಮವಾರ ತಪ್ಪದೆ ಮತ್ತೆ ಫೋನ್ ಮಾಡಿದ. ಆಯ್ಕೆಯಾಗಿದ್ದ ಕಾಲೇಜು ವಿದ್ಯಾರ್ಥಿಯೊಬ್ಬ ಬಾರದೇ ಹೋದಾಗ ಈತನಿಗೆ ಕರೆ ಬಂತು. ಛಲದ ಕಥೆ ಹೌದು, ನನಗೂ ಇಷ್ಟ. ಆದರೆ ಯಾರೋ ಒಬ್ಬರು ಬರಲಿಲ್ಲ ಎಂಬುದರ ಮೇಲೆ ನಿಂತ ಕಥೆಯೂ ಹೌದು. ಅದೇ ಸ್ಮಿತ್ ಮುಂದೆ ಸಿರಿವಂತರಾದಾಗ ‘ನನ್ನ ಹಾಗೆ ಎಲ್ಲರೂ ಫೋನ್ ಮಾಡಲಿ’ ಎನ್ನಲಿಲ್ಲ. ತಮ್ಮ ಪ್ರತಿಷ್ಠಾನದ ಮೂಲಕ ವಿಜ್ಞಾನ, ತಂತ್ರಜ್ಞಾನದ ವಿದ್ಯಾರ್ಥಿಗಳನ್ನು ಇಂಟರ್ನ್‌ಶಿಪ್‌ಗೆ ಜೋಡಿಸುವ ವ್ಯವಸ್ಥೆಯನ್ನೇ ಕಟ್ಟಿದರು. ಹತ್ತಿದವರಿಗೆ ಮೆಟ್ಟಿಲಿನ ಬೆಲೆ ಗೊತ್ತಿರುತ್ತದೆ.

ಸ್ವಾವಲಂಬನೆಯ ಬಗ್ಗೆ ನನ್ನ ಕಣ್ಣು ತೆರೆಸಿದ್ದು ಬರ್ಕ್ಲಿಯ ಒಂದು ಕಥೆ. 1970ರ ದಶಕದಲ್ಲಿ ಅಲ್ಲಿ ಯೂರಿ ಟ್ರೈಸ್‌ಮನ್ ಎಂಬ ಗಣಿತದ ಸಂಶೋಧನಾ ವಿದ್ಯಾರ್ಥಿ ಇದ್ದ. ಕ್ಯಾಲ್ಕುಲಸ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಯಾಕೆ ಇಷ್ಟು ಮಂದಿ ನಪಾಸಾಗುತ್ತಾರೆ ಎಂಬ ಪ್ರಶ್ನೆ ಆತನಿಗೆ. ಅಧ್ಯಾಪಕರನ್ನು ಕೇಳಿದರೆ ನಾವೆಲ್ಲ ಹೇಳುವ ಉತ್ತರಗಳೇ ಬಂದವು: ಆಸಕ್ತಿ ಇಲ್ಲ, ಬುನಾದಿ ಸರಿಯಿಲ್ಲ, ಮನೆಯ ಬೆಂಬಲವಿಲ್ಲ, ದುಡ್ಡಿಲ್ಲ. ಆತ 20 ಕಪ್ಪು ವಿದ್ಯಾರ್ಥಿಗಳನ್ನೂ 20 ಚೀನೀ ಮೂಲದ ವಿದ್ಯಾರ್ಥಿಗಳನ್ನೂ ಹಾಸ್ಟೆಲಿಗೆ, ಗ್ರಂಥಾಲಯಕ್ಕೆ ಹಿಂಬಾಲಿಸಿ ತಿಂಗಳುಗಟ್ಟಲೆ ಗಮನಿಸಿದ. ಆ ಉತ್ತರಗಳು ಯಾವುವೂ ನಿಲ್ಲಲಿಲ್ಲ. ಕಪ್ಪು ವಿದ್ಯಾರ್ಥಿಗಳಲ್ಲಿ ತಮ್ಮ ಶಾಲೆಗೇ ಮೊದಲಿಗರಾದವರಿದ್ದರು, ಮನೆಯವರ ಆಸೆಯನ್ನೆಲ್ಲ ಹೆಗಲ ಮೇಲೆ ಹೊತ್ತವರಿದ್ದರು. ವ್ಯತ್ಯಾಸ ಇದ್ದದ್ದು ಒಂದೇ ಕಡೆ. ಚೀನೀ ಮೂಲದವರು ಒಂಟಿಯಾಗಿ ಓದಿದ ಮೇಲೆ ಸಂಜೆ ಒಟ್ಟಿಗೆ ಕೂತು ಊಟ ಮಾಡುತ್ತಾ ಲೆಕ್ಕ ತಾಳೆ ನೋಡುತ್ತಿದ್ದರು. ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿಯುತ್ತಿದ್ದರು. ಕಪ್ಪು ವಿದ್ಯಾರ್ಥಿಗಳು ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬೊಬ್ಬರೇ ಓದುತ್ತಿದ್ದರು. ತಪ್ಪಿದ್ದೆಲ್ಲಿ ಎಂದು ತಿಳಿಯುತ್ತಿದ್ದದ್ದು ಪರೀಕ್ಷೆಯ ಫಲಿತಾಂಶ ಬಂದ ಮೇಲೆ. ಅಂದರೆ ಅವರು ಬಿದ್ದದ್ದು ಸ್ವಾವಲಂಬನೆಯ ಕೊರತೆಯಿಂದಲ್ಲ, ಅದರ ಅತಿಯಿಂದ.

ಟ್ರೈಸ್‌ಮನ್ ಆ ವಿದ್ಯಾರ್ಥಿಗಳಿಗೆ ಸುಲಭದ ಪಾಠ ಕೊಡಲಿಲ್ಲ. ತರಗತಿಗಿಂತ ಕಷ್ಟದ ಲೆಕ್ಕಗಳನ್ನು ಕೊಟ್ಟು ಗುಂಪಿನಲ್ಲಿ ಕೂರಿಸಿದ. ‘ನೀವು ಹಿಂದುಳಿದಿದ್ದೀರಿ, ಬನ್ನಿ’ ಎನ್ನದೆ ‘ನೀವು ಮುಂದೆ ಹೋಗುವವರು, ಬನ್ನಿ’ ಎಂದ. ಅಲ್ಲಿ ಕೂತವರ ಅಂಕಗಳು ಏರಿದವು. ಆ ಮಾದರಿ ದೇಶದ ಅನೇಕ ವಿಶ್ವವಿದ್ಯಾಲಯಗಳಿಗೆ ಹರಡಿತು.

ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಕ್ಯಾಂಪಸ್ಸಿನಲ್ಲಿ 1988ರಲ್ಲಿ ಶುರುವಾದ ಮೇಯರ್‌ಹಾಫ್ ಕಾರ್ಯಕ್ರಮವೂ ಇದೇ ದಾರಿಯದು. ಕಟ್ಟಿದವರು ಫ್ರೀಮನ್ ಹ್ರಬೋವ್‌ಸ್ಕಿ. 1963ರಲ್ಲಿ 12 ವರ್ಷದ ಹುಡುಗನಾಗಿ ಬರ್ಮಿಂಗ್‌ಹ್ಯಾಮಿನ ಮಕ್ಕಳ ಮೆರವಣಿಗೆಯಲ್ಲಿ ನಡೆದು ಜೈಲು ಕಂಡವರು. ಮೊದಲ ವರ್ಷಕ್ಕೆ ಮುಂಚಿನ ಬೇಸಿಗೆ ಶಿಬಿರ, ಗುಂಪಿನ ಓದು, ನಿಜವಾದ ಪ್ರಯೋಗಾಲಯಗಳಲ್ಲಿ ಕೆಲಸ, ಬೆನ್ನಿಗೆ ನಿಂತ ಮಾರ್ಗದರ್ಶಕರು. ಆಯ್ಕೆಯಾಗಿಯೂ ಬೇರೆಡೆ ಹೋದ ವಿದ್ಯಾರ್ಥಿಗಳಿಗೆ ಹೋಲಿಸಿದರೆ, ಇಲ್ಲಿ ಓದಿದವರು ಪಿಎಚ್‌ಡಿ ದಾರಿ ಹಿಡಿಯುವ ಸಂಭವ ಐದು ಪಟ್ಟಿನಷ್ಟು ಹೆಚ್ಚು ಎಂದು ಅಧ್ಯಯನಗಳು ಕಂಡುಕೊಂಡವು. ಕೋವಿಡ್ ಕಾಲದಲ್ಲಿ ಮಾಡರ್ನಾ ಲಸಿಕೆಯ ಹಿಂದಿನ ಸಂಶೋಧನೆಯಲ್ಲಿ ಮುಂಚೂಣಿಯಲ್ಲಿದ್ದ ಕಿಜ್ಮೆಕಿಯಾ ಕಾರ್ಬೆಟ್ ಈ ಕಾರ್ಯಕ್ರಮದ ವಿದ್ಯಾರ್ಥಿನಿ. ನಮ್ಮಲ್ಲಿ ಎಷ್ಟೋ ಮಂದಿಯ ತೋಳಿಗೆ ಇಳಿದದ್ದು ಆ ಲಸಿಕೆಯೇ. ಕೈ ಹಿಡಿದು ನಡೆಸಿದ್ದರಿಂದ ಕಾಲು ಸೋತಿತೆ?

5. ‘ಕಾಲೇಜು ಇರುವುದು ಜ್ಞಾನಕ್ಕೆ. ಅದನ್ನು ನೌಕರಿಯ ತರಬೇತಿ ಕೇಂದ್ರ ಮಾಡಬೇಡಿ.’

ಹೀಗೆ ಹೇಳಿದವರು ನಿವೃತ್ತ ಅಧ್ಯಾಪಕರು. ಅವರ ಆತಂಕಕ್ಕೆ ಕಪ್ಪು ಅಮೆರಿಕದಲ್ಲೇ ನೂರು ವರ್ಷಕ್ಕೂ ಮೀರಿದ ಚರಿತ್ರೆ ಇದೆ. 1881ರಲ್ಲಿ ಟಸ್ಕೀಗಿ ಶಾಲೆಯ ಚುಕ್ಕಾಣಿ ಹಿಡಿದ ಬುಕರ್ ಟಿ. ವಾಷಿಂಗ್ಟನ್ ಮೊದಲು ಕಸುಬು ಕಲಿಯಿರಿ, ಹೊಟ್ಟೆಗೆ ದಾರಿ ಮಾಡಿಕೊಳ್ಳಿ ಎಂದರು. ಫಿಸ್ಕ್, ಹಾರ್ವರ್ಡ್‌ಗಳಲ್ಲಿ ಓದಿದ ಡು ಬಾಯ್ಸ್ ಅದನ್ನು ಒಪ್ಪದೆ ಉನ್ನತ ವಿದ್ಯೆ ಬೇಕು, ಮನುಷ್ಯರನ್ನು ಬರಿ ಕೈಗಳಾಗಿ ಮಾಡಬೇಡಿ ಎಂದು ವಾದಿಸಿದರು. ನನ್ನ ಮನಸ್ಸು ಡು ಬಾಯ್ಸ್ ಕಡೆಗಿದೆ. ಆದರೆ ಉನ್ನತ ವಿದ್ಯೆ ಕೊಟ್ಟು ಬಾಗಿಲಾಚೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಒಂದು ಕಥೆ ಇದೆ.

ವೆಸ್ಟ್ ವರ್ಜೀನಿಯಾ ಸ್ಟೇಟ್ ಎಂಬ ಕಪ್ಪು ಕಾಲೇಜಿನಲ್ಲಿ 1930ರ ದಶಕದಲ್ಲಿ ಕ್ಯಾಥರೀನ್ ಎಂಬ ಹುಡುಗಿ ಅಲ್ಲಿದ್ದ ಗಣಿತದ ಪಾಠಗಳನ್ನೆಲ್ಲ ಓದಿ ಮುಗಿಸಿಬಿಟ್ಟಳು. ಅಧ್ಯಾಪಕ ಕ್ಲೇಟರ್ ಗಣಿತದಲ್ಲಿ ಪಿಎಚ್‌ಡಿ ಪಡೆದ ಮೊದಲ ಕೆಲವೇ ಕಪ್ಪು ಅಮೆರಿಕನ್ನರಲ್ಲಿ ಒಬ್ಬರು. ಆಕೆಗಾಗಿಯೇ ವಿಶ್ಲೇಷಣಾತ್ಮಕ ಜ್ಯಾಮಿತಿಯ ಹೊಸ ಪಾಠವನ್ನು ಸಿದ್ಧಪಡಿಸಿದರು. ನೀನು ಒಳ್ಳೆಯ ಸಂಶೋಧಕಿಯಾಗುತ್ತೀಯ ಎಂದರು. ಆ ಕೆಲಸ ನನಗೆ ಎಲ್ಲಿ ಸಿಗುತ್ತದೆ ಎಂದು ಆಕೆ ಕೇಳಿದಾಗ, ಅದನ್ನು ಹುಡುಕಿಕೊಳ್ಳುವುದು ನಿನ್ನ ಪಾಡು ಎಂಬರ್ಥದ ಉತ್ತರ ಬಂತು. ಅದು ಕಲ್ಲೆದೆಯ ಮಾತಲ್ಲ. ಕ್ಲೇಟರ್ ಅವರ ಕೈಯಲ್ಲಿ ಕೊಡಲು ಇದ್ದದ್ದು ವಿದ್ಯೆ ಮಾತ್ರ. ಅವರ ಪ್ರತಿಭೆಗೇ ಸಂಶೋಧನೆಯ ಜಗತ್ತು ಬಾಗಿಲು ತೆರೆದಿರಲಿಲ್ಲ.

1937ರಲ್ಲಿ, 18ನೇ ವಯಸ್ಸಿಗೆ, ಆಕೆ ಪದವಿ ಪಡೆದಳು. ಸಂಶೋಧನೆಯ ಕೆಲಸ ಸಿಕ್ಕಿದ್ದು 1953ರಲ್ಲಿ. ನಡುವೆ 16 ವರ್ಷ. ಸಿಕ್ಕಿದ್ದಾದರೂ ಹೇಗೆ? ನೆಂಟರೆಲ್ಲ ಸೇರಿದ್ದ ಕಡೆ ಒಬ್ಬರು, ಲ್ಯಾಂಗ್ಲಿಯ ವಿಮಾನ ಸಂಶೋಧನಾ ಕೇಂದ್ರದಲ್ಲಿ ಲೆಕ್ಕ ಮಾಡಲು ಕಪ್ಪು ಹೆಂಗಸರನ್ನೂ ತೆಗೆದುಕೊಳ್ಳುತ್ತಿದ್ದಾರಂತೆ ಎಂದು ಕಿವಿಗೆ ಹಾಕಿದರು. ಆಕೆ ಕ್ಯಾಥರೀನ್ ಜಾನ್ಸನ್. 1962ರಲ್ಲಿ ಜಾನ್ ಗ್ಲೆನ್ ಭೂಮಿ ಸುತ್ತಲು ಹೊರಡುವ ಮುಂಚೆ ಯಂತ್ರದ ಲೆಕ್ಕವನ್ನು ಆಕೆಯೇ ಪರಿಶೀಲಿಸಲಿ ಎಂದು ಕೇಳಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ನಮ್ಮ ಮಕ್ಕಳು ಸಿನಿಮಾದಲ್ಲಿ ನೋಡಿ ಚಪ್ಪಾಳೆ ತಟ್ಟಿದ್ದಾರೆ. ಆ 16 ವರ್ಷವನ್ನು ಸಿನಿಮಾ ತೋರಿಸುವುದಿಲ್ಲ.

ಗುರುಗಳೇ, ಜ್ಞಾನ ಕಡಿಮೆ ಮಾಡಿ ಎಂದು ನಾನು ಹೇಳುತ್ತಿಲ್ಲ. ಜ್ಞಾನಕ್ಕೂ ಅದು ಬೇಕಾದ ಜಾಗಕ್ಕೂ ನಡುವೆ ಇರುವ ದಾರಿ ತೋರಿಸಿ ಎನ್ನುತ್ತಿದ್ದೇನೆ. ನ್ಯೂ ಆರ್ಲಿಯನ್ಸಿನ ಸಣ್ಣ ಕ್ಸೇವಿಯರ್ ವಿಶ್ವವಿದ್ಯಾಲಯ ದಶಕಗಳಿಂದ ದೇಶದ ವೈದ್ಯಕೀಯ ಕಾಲೇಜುಗಳಿಗೆ ಕಪ್ಪು ವಿದ್ಯಾರ್ಥಿಗಳನ್ನು ಕಳಿಸುವುದರಲ್ಲಿ ಮುಂದಿದೆ. ಅಲ್ಲಿ ರಸಾಯನಶಾಸ್ತ್ರವನ್ನು ಸಡಿಲ ಮಾಡಲಿಲ್ಲ. ಯಾವ ವರ್ಷ ಯಾವ ಪರೀಕ್ಷೆ, ಯಾರಿಗೆ ಪತ್ರ, ಅರ್ಜಿಯಲ್ಲಿ ಏನು ಬರೆಯಬೇಕು ಎಂದು ಮೊದಲ ದಿನದಿಂದ ಹೇಳಿಕೊಟ್ಟರು.

6. ‘ಸುಪ್ರೀಂ ಕೋರ್ಟ್ ತೀರ್ಪು ಬಂದಾಗಿದೆ. ಇನ್ನು ಇದಕ್ಕೆಲ್ಲ ಅವಕಾಶವಿಲ್ಲ.’

2023ರ ಜೂನ್ 29ರ ತೀರ್ಪು ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದರ ಬಗ್ಗೆ. ಇಂಥ ಕಾರ್ಯಕ್ರಮಗಳ ವಿರುದ್ಧ 2025ರ ಜನವರಿಯಲ್ಲಿ ಬಂದ ಅಧ್ಯಕ್ಷೀಯ ಆದೇಶಗಳ ನಂತರ ವಾತಾವರಣ ಇನ್ನಷ್ಟು ಬಿಗಿಯಾಗಿದೆ, ಕಂಪನಿಗಳು ಹೆದರಿವೆ ಎಂಬುದೂ ನಿಜ. ಕಂಪನಿಯ ಹೆಸರಿನಲ್ಲಿ ಏನು ಮಾಡುವುದಿದ್ದರೂ ಅಲ್ಲಿನ ನಿಯಮ ಕೇಳಿಕೊಂಡೇ ಮಾಡಿ.

ಆದರೆ ಇದರಿಂದ ಕೈ ಕಟ್ಟಿ ಕೂರಬೇಕಾಗಿಲ್ಲ. ಕಪ್ಪು ಕಾಲೇಜುಗಳು ಯಾವ ಬಣ್ಣದವರನ್ನೂ ಹೊರಗಿಡುವುದಿಲ್ಲ, ಅವುಗಳ ತರಗತಿಯಲ್ಲಿ ಬಿಳಿಯರೂ ಭಾರತೀಯರೂ ಕೂರಬಹುದು. ಮೇಯರ್‌ಹಾಫ್ ಕಾರ್ಯಕ್ರಮ 1990ರ ದಶಕದಲ್ಲೇ ಒಂದು ನ್ಯಾಯಾಲಯದ ತೀರ್ಪಿನ ನಂತರ ಎಲ್ಲರಿಗೂ ತೆರೆದುಕೊಂಡಿತು, ಆದರೂ ಕಪ್ಪು ವಿಜ್ಞಾನಿಗಳನ್ನು ಬೆಳೆಸುವುದನ್ನು ನಿಲ್ಲಿಸಲಿಲ್ಲ. ಕಪ್ಪು ಕಾಲೇಜುಗಳ ಬಲವರ್ಧನೆಗೆ 1980ರಲ್ಲಿ ಕಾರ್ಟರ್ ಶುರು ಮಾಡಿದ ಶ್ವೇತಭವನದ ಕಾರ್ಯಕ್ರಮವನ್ನು ಎರಡೂ ಪಕ್ಷಗಳ ಅಧ್ಯಕ್ಷರು ಮುಂದುವರಿಸಿಕೊಂಡು ಬಂದಿದ್ದಾರೆ. ಜನವರಿಯ ಆದೇಶಗಳಿಗೆ ಸಹಿ ಹಾಕಿದ ಅದೇ ಅಧ್ಯಕ್ಷರು 2025ರ ಏಪ್ರಿಲ್‌ನಲ್ಲಿ ಇದಕ್ಕೂ ಸಹಿ ಹಾಕಿದರು. ಶನಿವಾರ ಬೆಳಿಗ್ಗೆ ಒಬ್ಬ ವಿದ್ಯಾರ್ಥಿಯ ಎದುರು ಕೂತು ರೆಸ್ಯೂಮೆ ತಿದ್ದಲು ನಿಮಗೆ ಯಾರ ಅನುಮತಿಯೂ ಬೇಕಾಗಿಲ್ಲ.

ಆಕ್ಷೇಪಿಸಿದವರಿಂದ ನಾನು ಒಪ್ಪಿ ಕಲಿತದ್ದೂ ಇದೆ. ಫೋಟೊಕ್ಕೆಂದು ನಡೆಯುವ ಒಂದು ದಿನದ ಉದ್ಯೋಗ ಮೇಳದಿಂದ ಏನೂ ಆಗುವುದಿಲ್ಲ ಎಂದು ಒಬ್ಬರು ಹೇಳಿದರು. ಸರಿ. 2020ರಲ್ಲಿ ಕಪ್ಪು ಜನರಿಗೆ ದೊಡ್ಡ ದೊಡ್ಡ ಮಾತು ಕೊಟ್ಟ ಕಂಪನಿಗಳು ಗಾಳಿ ತಿರುಗಿದ ಕೂಡಲೇ ಜಾರಿಕೊಂಡವು ಎಂದು ಇನ್ನೊಬ್ಬರು ಹೇಳಿದರು. ಅದೂ ಸರಿ. ವಿದ್ಯಾರ್ಥಿಯನ್ನು ಎಷ್ಟೇ ತಿದ್ದಿದರೂ ಎದುರಿಗೆ ಕೂತವನ ಮನಸ್ಸು ತಿದ್ದದಿದ್ದರೆ ಏನು ಫಲ ಎಂಬ ಪ್ರಶ್ನೆ ಎಲ್ಲಕ್ಕಿಂತ ಗಟ್ಟಿಯಾದದ್ದು. ಸ್ನೇಹಿತರೇ, ಇವತ್ತು ಆ ಕುರ್ಚಿಯಲ್ಲಿ ಕೂತು ಸಂದರ್ಶನ ಮಾಡುವವರು ಅನೇಕ ಕಡೆ ನಾವೇ. ಜಮಾಲ್ ಎಂಬ ಹೆಸರಿನ ಅರ್ಜಿ ಬರುವುದು ನಮ್ಮ ಮೇಜಿಗೇ. ಶನಿವಾರ ಎರಡು ಗಂಟೆ ಆ ಮಕ್ಕಳ ಎದುರು ಕೂತವರು ಸೋಮವಾರ ಆ ಅರ್ಜಿಯನ್ನು ಬೇರೆ ಕಣ್ಣಿನಿಂದ ಓದುತ್ತಾರೆ. ನನಗಾದದ್ದು ಹಾಗೆಯೇ. ತಿದ್ದಿಕೊಂಡವರಲ್ಲಿ ಮೊದಲಿಗ ನಾನು.

ಗೋದಾಮಿನ ರಾತ್ರಿ ಪಾಳಿಯ ಹುಡುಗಿಗೆ ಬೇಸಿಗೆಯ ಇಂಟರ್ನ್‌ಶಿಪ್ ಸಿಕ್ಕಿತು. ಆ ಎರಡು ಪಟ್ಟಿಗಳ ಕಥೆಯ ಬಗ್ಗೆಯೇ ಸಂದರ್ಶಕರು ಬಹಳ ಹೊತ್ತು ಕೇಳಿದರಂತೆ. ಕಳೆದ ತಿಂಗಳು ಅವಳು ಮತ್ತೆ ಬಂದಳು. ಈ ಸಲ ಕೋಟು ಅವಳದೇ, ಅಳತೆಗೆ ಸರಿಯಾಗಿತ್ತು. ಜೊತೆಯಲ್ಲಿ ಮೊದಲ ವರ್ಷದ ಇಬ್ಬರು ಹುಡುಗರನ್ನು ಕರೆತಂದಿದ್ದಳು. ನನಗಿಂತ ಮುಂಚೆ ಅವಳೇ ಅವರ ರೆಸ್ಯೂಮೆ ಬಿಡಿಸಿ, ‘ಬೇಸಿಗೆಯಲ್ಲಿ ಏನು ಮಾಡ್ತಿದ್ದೆ, ನಾಚಿಕೆಪಡದೆ ಹೇಳು’ ಎಂದು ಕೇಳತೊಡಗಿದ್ದಳು.

ಕ್ಲೇಟರ್ ಅವರಿಗೆ ತಮ್ಮ ಶಿಷ್ಯೆಯ ಪ್ರಶ್ನೆಗೆ ಉತ್ತರ ಕೊಡುವ ಶಕ್ತಿ ಇರಲಿಲ್ಲ. ನಮಗಿದೆ. ಮುಂದಿನ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಕಾಯುತ್ತಿರುತ್ತೇನೆ, ಬನ್ನಿ.